ಎಡಗಡೆಯ ಪಿಸುಮಾತು

ಮಾರ್ಚ್ ೩, ಸೋಮವಾರ

ಎಲೈ ದಿನಚರಿಯೇ, ಏಳು! ಅಕ್ಕ ಹೋದ ದಿನದಿಂದ ಅಲಮಾರಿಯಲ್ಲಿ ಮಗ್ಗುಲು ಬದಲಿಸದೆ ಮಲಗಿದ್ದು ಸಾಕು. ದೀಪ ಹತ್ತಿದೆ, ಪರದೆ ಸರಿದಿದೆ, ಇದೋ ಬರುತ್ತಿದ್ದಾನೆ ನಿನ್ನ ನಾಯಕ! ತಲೆಯ ಮೇಲೆ ಕಿರೀಟವಿಲ್ಲ, ಹೆಡ್‌ಫೋನಿದೆ. ಕೂರಲು ಸಿಂಹಾಸನವಿಲ್ಲ, ಒಂದು ಚಕ್ರ ಮುರಿದ ಆಫೀಸು ಕುರ್ಚಿಯಿದೆ. ಅದೂ ಅಕ್ಕನದು.

ಇಂದು ಆಫೀಸಿನ ಮಾಲೀಕರೇ ನನ್ನನ್ನು ಅದರಲ್ಲಿ ಕೂರಿಸಿದರು. “ಎಷ್ಟು ದಿನ ಅಂತ ಖಾಲಿ ಇಡೋದು? ಕೂತ್ಕೊಳ್ಳಿ. ಗಂಟಲು ಮಾತ್ರ ಸ್ವಲ್ಪ ಇಳಿಸಿ, ಪಕ್ಕದ ಆಫೀಸಿನವರು ಮತ್ತೆ ದೂರು ಹೇಳಿದಾರೆ.”

ಗಂಟಲು ಇಳಿಸುವುದೇ! ಅಪ್ಪನ ನಾಟಕ ಕಂಪನಿಯಲ್ಲಿ ಮೈಕಿಲ್ಲದೆ ಕಟ್ಟಕಡೆಯ ಬೆಂಚಿನವನ ನಿದ್ದೆ ಕೆಡಿಸಿದ ಗಂಟಲಿದು. ಅಕ್ಕ ನನಗಿಟ್ಟ ಹೆಸರೇ ಗುಡುಗು. ನಾನೂ ಅಪ್ಪನೂ ಬೆಳಕಿನಲ್ಲಿ ಗರ್ಜಿಸುತ್ತಿದ್ದರೆ ಅವಳು ಎಡಗಡೆಯ ವಿಂಗಿನಲ್ಲಿ, ಪಕ್ಕದ ಪರದೆಯ ಮರೆಗೆ, ಸ್ಟೂಲಿನ ಮೇಲೆ ಕೂತು, ಮೊಣಕಾಲ ಮೇಲೆ ನಾಟಕದ ಹಸ್ತಪ್ರತಿ ಹರಡಿಕೊಂಡು, ನಾವು ಮರೆತ ಮಾತನ್ನು ಪಿಸುದನಿಯಲ್ಲಿ ಎತ್ತಿಕೊಡುತ್ತಿದ್ದಳು. ಪ್ರೇಕ್ಷಕರಿಗೆ ಅವಳು ಕಂಡದ್ದೂ ಇಲ್ಲ, ಕೇಳಿಸಿದ್ದೂ ಇಲ್ಲ. ಚಪ್ಪಾಳೆಯೆಲ್ಲ ನಮಗೆ.

ಕಂಪನಿ ಮುಚ್ಚಿದ ಮೇಲೆ ಅವಳು ಓದಿದಳು, ಬರೆದಳು, ಕೊನೆಗೆ ರಂಗದ ಯಂತ್ರಗಳಿಗಾಗಿ ಒಂದು ಪುಟ್ಟ ಭಾಷೆಯನ್ನೇ ಕಟ್ಟಿದಳು. ಪರದೆ ಇಳಿಯಬೇಕೆ? ಮೋಡ ತೇಲಬೇಕೆ? ರಂಗದ ಮೇಸ್ತ್ರಿ ಆ ಭಾಷೆಯಲ್ಲಿ ನಾಲ್ಕು ಸಾಲು ಬರೆದರಾಯಿತು. ಅಕ್ಕನ ಕಂಪೈಲರ್ ಅದನ್ನು ಓದಿ, ಮೋಟಾರುಗಳಿಗೆ ಅರ್ಥವಾಗುವ ಹಾಗೆ ಮಾಡಿಕೊಡುತ್ತದೆ. ಎಷ್ಟೋ ರಂಗಮಂದಿರಗಳು ಇಂದಿಗೂ ಅದನ್ನೇ ನಂಬಿವೆ. ಕಂಪನಿಯಿಲ್ಲದೆ ಅಲೆಯುತ್ತಿದ್ದ ನನ್ನನ್ನು ಕರೆದು ಕೆಲಸ ಕಲಿಸಿದವಳೂ ಅವಳೇ. ಕಲಿತದ್ದು ಅರ್ಧ, ಕೂಗಾಡಿದ್ದು ಪೂರ್ತಿ.

ಈಗ ಕೇಳು ಯುದ್ಧದ ಸುದ್ದಿ. ಏಪ್ರಿಲ್ ಹನ್ನೆರಡಕ್ಕೆ ಹೊಸ ರಂಗಮಂದಿರದ ಉದ್ಘಾಟನೆ. ಅಲ್ಲಿ ತಿರುಗುವ ರಂಗವಿದೆ, ಅಕ್ಕನ ಭಾಷೆಯಲ್ಲಿ ‘ತಿರುಗು’ ಎಂಬ ಮಾತಿಲ್ಲ. ಅದನ್ನು ನಾವು ಸೇರಿಸಬೇಕು. ಮತ್ತು ಅಂದು ನೆಲದಡಿಯಿಂದ ಎದ್ದುಬಂದು ಮೊದಲ ಮಾತಾಡುವ ರಾಜ ಯಾರು? ನನ್ನ ಅಪ್ಪ! ರಂಗದ ನೆಲದಲ್ಲಿ ಒಂದು ಕಬ್ಬಿಣದ ಮುಚ್ಚಳ, ಅದರ ಕೆಳಗೆ ನಟನನ್ನು ಎತ್ತಿ ತರುವ ಹಲಗೆ. ಆ ಹಲಗೆಗೆ ಅಕ್ಕ ಇಟ್ಟ ಹೆಸರು ತೊಟ್ಟಿಲು. ಎಂಬತ್ತು ದಾಟಿದ ಅಪ್ಪ ಆ ತೊಟ್ಟಿಲಲ್ಲಿ ನಿಂತು ಮೇಲೇರುತ್ತಾರೆ, ನನ್ನ ಕೈಯ ಕಂಪೈಲರಿನ ಮಾತು ನಂಬಿ!

ಸಂಜೆ ಪರೀಕ್ಷೆಗೆಂದು ಒಂದು ಪ್ರೋಗ್ರಾಂ ಬರೆದೆ. ಒಂದು ಆವರಣ ಚಿಹ್ನೆ, ಅಂದರೆ ಬ್ರಾಕೆಟ್, ಮುಚ್ಚಲು ಮರೆತಿದ್ದೆ. ಕಂಪ್ಯೂಟರಿನ ತೆರೆಯ ಮೇಲೆ ಬಂತು:

‘ಸಾಲು ೭: ಬಾಯಿ ತೆರೆದೆ, ಮುಚ್ಚಲಿಲ್ಲ.’

ಅಕ್ಕ ಬರೆದಿಟ್ಟ ತಪ್ಪಿನ ಸೂಚನೆ ಅಷ್ಟೇ, ನೂರು ಸಲ ನೋಡಿದ್ದೇನೆ. ಆದರೆ ಇಂದು ಅವಳ ಕುರ್ಚಿಯಲ್ಲಿ ಕೂತು ಓದಿದಾಗ ಕಣ್ಣಿಗೆ ಕಾಣುವ ಮೊದಲೇ ಎಡಗಿವಿಗೆ ಕೇಳಿಸಿತು. ಉಸಿರಿನ ಬಿಸಿಯ ಸಮೇತ.

ತಿರುಗಿ ನೋಡಿದೆ. ನೀರಿನ ಕ್ಯಾನು, ಅದರ ಪಕ್ಕ ಗೋಡೆ.

ಮಾರ್ಚ್ ೬, ಗುರುವಾರ

ರಂಗಪ್ರವೇಶ: ಕನ್ನಡಕ! ಮೂಗಿನ ಮೇಲೊಂದು, ತಲೆಯ ಮೇಲೊಂದು ಕನ್ನಡಕವಿಟ್ಟು ಮೂರನೆಯದನ್ನು ಮೇಜಿನಡಿ ಹುಡುಕುವ ನಮ್ಮ ಸಹೋದ್ಯೋಗಿ. ನಿಜವಾದ ಕೆಲಸ ಬಲ್ಲವಳು ಅವಳೇ. ನಾನು ಪಕ್ಕದಲ್ಲಿ ಛತ್ರ ಹಿಡಿಯುವವನು.

“ಗುಡುಗಣ್ಣ, ಮೇಸ್ತ್ರಿ ಬರೆದದ್ದನ್ನ ಮೊದಲು ಓದೋದು ಪಾರ್ಸರು. ಅದನ್ನ ನಾವು ಕೈಯಲ್ಲಿ ಬರೆಯಲ್ಲ. ಯಾವ ಮಾತಾದ ಮೇಲೆ ಯಾವ ಮಾತು ಬರಬಹುದು ಅನ್ನೋ ನಿಯಮ ಮಾತ್ರ ನಮ್ಮದು. ಜನರೇಟರ್ ಅನ್ನೋ ಉಪಕರಣ ಆ ನಿಯಮ ಓದಿ ಸಾವಿರಾರು ಸಾಲಿನ ಪಾರ್ಸರನ್ನ ತಾನೇ ಬರೆದುಕೊಡುತ್ತೆ. ನಿಯಮ ಬದಲಾಯ್ತಾ? ಮತ್ತೆ ಓಡಿಸು. ಹಳೇದನ್ನ ಅಳಿಸಿ ಹೊಸದಾಗಿ ಬರೆಯುತ್ತೆ.”

“ಗೊತ್ತು ತಾಯೀ! ಹಸ್ತಪ್ರತಿ ಒಂದೇ, ನಕಲು ಪ್ರತಿ ಸಲ ಹೊಸದು!”

“ಅಬ್ಬಾ, ಕಿವಿ! ಹೌದು, ಅಷ್ಟೇ. ಅದಕ್ಕೇ ನಕಲಿನ ಮೇಲೆ ಯಾರೂ ಪೆನ್ನು ಇಡಬಾರದು. ಮುಂದಿನ ಸಲ ಓಡಿಸಿದ ಕೂಡಲೇ ತಿದ್ದಿದ್ದೆಲ್ಲ ಮಾಯ.”

ಹಳೆಯ ಪಾರ್ಸರನ್ನು ತೆರೆದು ತೋರಿಸಿದಳು. ನೆತ್ತಿಯ ಮೇಲೆಯೇ ಬರೆದಿತ್ತು: ‘ಇದು ಉಪಕರಣ ಬರೆದ ಕಡತ. ಕೈಯಿಂದ ತಿದ್ದಬೇಡಿ.’

“ನಿಮ್ಮಕ್ಕ ಈ ವಿಷಯದಲ್ಲಿ ರಾಕ್ಷಸಿ. ನಾನು ಹೊಸಬಳಾಗಿದ್ದಾಗ ಒಂದೇ ಒಂದು ಸಾಲು ತಿದ್ದಿದ್ದಕ್ಕೆ ಮಧ್ಯಾಹ್ನವೆಲ್ಲ ಮಾತು ಬಿಟ್ಟಿದ್ರು.”

ಅಕ್ಕ ಹೋದ ಮೇಲೆ ನಿಯಮಗಳನ್ನು ಯಾರೂ ಮುಟ್ಟಿಲ್ಲ, ಆದ್ದರಿಂದ ಜನರೇಟರ್ ಓಡಿಸುವ ಪ್ರಸಂಗವೇ ಬಂದಿಲ್ಲ. ಅವಳು ಬಳಸುತ್ತಿದ್ದ ಹಳೆಯ ಉಪಕರಣ ಇಂದಿನ ಕಂಪ್ಯೂಟರುಗಳಲ್ಲಿ ಉಸಿರೇ ಎತ್ತುವುದಿಲ್ಲ. ಹೊಸದನ್ನು ತಂದಿದ್ದೇವೆ. ನಿಯಮಗಳನ್ನು ಅದಕ್ಕೆ ಒಗ್ಗಿಸುವುದೇ ಈಗಿನ ಕೆಲಸ.

ಹಳೆಯ ರಂಗಮಂದಿರದ ಮೇಸ್ತ್ರಿ ಫೋನಿನಲ್ಲಿ ಎಲ್ಲ ಕೇಳಿಸಿಕೊಂಡು, “ಜನರೇಟರ್ ಹೊಸದಾ ಸಾರ್? ಡೀಸೆಲ್ ಎಷ್ಟು ಕುಡಿಯುತ್ತೆ?” ಎಂದ.

ಮಾರ್ಚ್ ೧೧, ಮಂಗಳವಾರ

ಜಯಭೇರಿ ಬಾರಿಸಿ! ಹೊಸ ಪಾರ್ಸರ್ ಹುಟ್ಟಿತು! ಇಷ್ಟು ವರ್ಷ ಮೇಸ್ತ್ರಿಗಳು ಬರೆದ ಹಳೆಯ ಪ್ರೋಗ್ರಾಮುಗಳನ್ನೆಲ್ಲ ಅದರ ಬಾಯಿಗೆ ಹಾಕಿದೆವು. ಒಂದಕ್ಕೂ ಕೆಮ್ಮಲಿಲ್ಲ. ಮಾಲೀಕರು ಎಲ್ಲರಿಗೂ ಚಹಾ ತರಿಸಿದರು. ನಾನು ಮೇಜು ಹತ್ತಿ ಎರಡು ಪುಟದ ಭಾಷಣ ಮಾಡಿದೆ.

ಆಮೇಲೆ ಸುಮ್ಮನೆ, ಬೇಕೆಂದೇ, ಒಂದು ಆವರಣ ಮುಚ್ಚದೆ ಬಿಟ್ಟೆ.

‘ಸಾಲು ೭: ನಿರೀಕ್ಷಿಸದ ಚಿಹ್ನೆ.’

ಇನ್ನೊಂದು ತಪ್ಪು ಮಾಡಿದೆ. ಮತ್ತೊಂದು. ‘ನಿರೀಕ್ಷಿಸದ ಚಿಹ್ನೆ. ನಿರೀಕ್ಷಿಸದ ಚಿಹ್ನೆ.’

“ಅಕ್ಕನ ಸೂಚನೆಗಳು ಎಲ್ಲಿ?” ಎಂದೆ.

ಕನ್ನಡಕ ಹುಬ್ಬು ಗಂಟಿಕ್ಕಿದಳು. “ನಿಯಮಗಳಲ್ಲಿ ಇರಲಿಲ್ಲವಲ್ಲ. ಹಳೇ ಉಪಕರಣದ್ದೇ ಅಂದ್ಕೊಂಡೆ. ಬಿಡಿ, ಹೊಸದಾಗಿ ಬರೆದರಾಯ್ತು.”

ಎಡಗಿವಿಯಲ್ಲಿ ಈಗ ಏನೂ ಇಲ್ಲ. ಆಟ ಮುಗಿದ ಮೇಲೆ ಖಾಲಿ ಕುರ್ಚಿಗಳ ಮುಂದೆ ನಿಂತ ಹಾಗೆ.

ಮಾರ್ಚ್ ೧೩, ಗುರುವಾರ

ಅಪ್ಪನಿಗೆ ಮಾತು ಅಭ್ಯಾಸ ಮಾಡಿಸಲು ಕೂತೆ. ಕೋಣೆಯ ನಡುವೆ ನಿಂತು, ಹೊದಿಕೆಯನ್ನು ಹೆಗಲಿಗೆ ಎಸೆದುಕೊಂಡು, ಊರುಗೋಲನ್ನು ಕತ್ತಿಯಂತೆ ಹಿಡಿದು ಶುರುಮಾಡಿದರು: “ನೆಲದಡಿಯಲ್ಲಿ ನನ್ನನ್ನು ಹೂತು ಮೇಲೆ ಪಟ್ಟ ಕಟ್ಟಿಕೊಂಡಿರಾ? ಮಣ್ಣಿಗೆ ಬಾಯಿಲ್ಲವೆಂದು ತಿಳಿದಿರಾ?”

ಅಲ್ಲಿಗೆ ನಿಂತಿತು. ಮುಂದಿನ ಮಾತು ಬರಲಿಲ್ಲ. ಅಪ್ಪ ಗಾಬರಿಯಾಗಲಿಲ್ಲ, ಎದೆಯುಬ್ಬಿಸಿ ನಿಂತೇ, ತಲೆಯನ್ನು ಕೂದಲೆಳೆಯಷ್ಟು ಎಡಕ್ಕೆ ವಾಲಿಸಿ ಕಾದರು.

“‘ಇದೋ, ಮಣ್ಣೇ ಮಾತಾಡುತ್ತಿದೆ!’” ಎಂದು ನಾನು ಕೂಗಿದೆ.

“ಕೂಗಬೇಡ್ವೋ, ಕೇಳಿಸಲ್ಲ.”

ಅಪ್ಪನ ಕಿವಿಯೇ ವಿಚಿತ್ರ. ಕೂಗಿದ್ದೆಲ್ಲ ಪಾತ್ರದವರ ಮಾತು, ಅದು ತಮಗಲ್ಲ ಎಂದು ಬಿಟ್ಟುಬಿಡುತ್ತಾರೆ. ಮನೆಯ ಕೆಲಸದಾಕೆ ಮಾತ್ರೆ ನುಂಗಿಸುವುದೂ ಕಿವಿಯ ಬಳಿ ಪಿಸುಗುಟ್ಟಿಯೇ.

“ಅವಳೆಲ್ಲಿ?” ಎಂದರು.

ಏನು ಹೇಳಲಿ? ಹಿಂದೆಯೂ ಹೇಳಿದ್ದೇನೆ, ಕೇಳಿ ಅತ್ತು, ಮಲಗಿ ಎದ್ದು, ಮತ್ತೆ ಕೇಳುತ್ತಾರೆ.

“ಬರ್ತಾಳೆ ಅಪ್ಪ,” ಎಂದೆ.

“ಏನೋ ನಿನ್ನ ಗಂಟಲು? ಕಟ್ಟಿಕೊಂಡಿದೆಯಾ?”

ಧೂಳಿರಬೇಕು.

ಮಾರ್ಚ್ ೧೯, ಬುಧವಾರ

ಹಳೆಯ ರಂಗಮಂದಿರದಲ್ಲಿ ಹೊಸ ಕಂಪೈಲರಿನ ಮೊದಲ ಪ್ರಯೋಗ. ಇಲ್ಲಿಯೂ ಒಂದು ತೊಟ್ಟಿಲಿದೆ. ಅದರಲ್ಲಿ ನಟನ ಬದಲು ಮರದ ಸಿಂಹಾಸನ ಇಟ್ಟಿದ್ದೆವು. ಮೇಸ್ತ್ರಿ ತನ್ನ ಹಳೆಯ ಪ್ರೋಗ್ರಾಮನ್ನು ನಮ್ಮ ಹೊಸ ಕಂಪೈಲರಿಗೆ ಕೊಟ್ಟ, ತಪ್ಪಿಲ್ಲ ಎಂದು ಬಂತು, ಗುಂಡಿ ಒತ್ತಿದ.

ಮುಚ್ಚಳ ಇನ್ನೂ ಅರ್ಧ ಮಾತ್ರ ಸರಿದಿತ್ತು. ತೊಟ್ಟಿಲು ಏರಿಯೇಬಿಟ್ಟಿತು.

ಆ ಸದ್ದನ್ನು ಬರೆಯಲಾರೆ. ಕೆಳಗೆ ಇಳಿದು ನೋಡಿದರೆ ಸಿಂಹಾಸನದ ಬೆನ್ನು ಕಬ್ಬಿಣಕ್ಕೆ ಸಿಕ್ಕಿ ನುಜ್ಜುಗುಜ್ಜಾಗಿತ್ತು. ಕೂತಿದ್ದರೆ ತಲೆ ಇರುವ ಜಾಗ.

“ಇದೇ ಪ್ರೋಗ್ರಾಂ ಸಾರ್! ಒಂದಕ್ಷರ ಮುಟ್ಟಿಲ್ಲ! ಎಷ್ಟು ರಾಜರನ್ನ ಎತ್ತಿದೀನಿ ಇದರಲ್ಲಿ!” ಮೇಸ್ತ್ರಿ ಮುರಿದ ಮರದ ಚೂರೊಂದನ್ನು ಎತ್ತಿಕೊಂಡ. “ಮುಚ್ಚಳದ ಮೋಟಾರು ಈಗೀಗ ನಿಧಾನ, ಒಪ್ತೀನಿ. ಆದರೂ ತೊಟ್ಟಿಲು ಕಾಯ್ತಿತ್ತು ಸಾರ್. ಯಾವಾಗಲೂ ಕಾಯ್ತಿತ್ತು. ಅಕ್ಕಾವ್ರು ಹೋದ್ಮೇಲೆ ರಂಗ ಮುನಿಸಿಕೊಂಡಿದೆ.”

“ರಂಗ ಮುನಿಸಿಕೊಳ್ಳಲ್ಲ ಮೇಸ್ತ್ರಿ.”

“ನೀವು ಹೇಳ್ತೀರಾ? ಅಲ್ಲಿ ಹೋಗಿ ಕೈಯಿಟ್ಟು ನೋಡಿ.”

ಅಪ್ಪನ ಕಂಪನಿ ಆಡುತ್ತಿದ್ದ ಇದೇ ರಂಗದ ಎಡಗಡೆಯ ವಿಂಗಿನಲ್ಲಿ ಅಕ್ಕನ ಹಳೆಯ ಸ್ಟೂಲು ಇನ್ನೂ ಇದೆ. ಮೇಸ್ತ್ರಿ ಯಾರಿಗೂ ಕೂರಲು ಬಿಡುವುದಿಲ್ಲ. ನಗುತ್ತ ಹೋಗಿ ಕೈಯಿಟ್ಟೆ.

ಬೆಚ್ಚಗಿತ್ತು.

ಮೇಲೆ ದೀಪಗಳಿವೆ. ದೀಪದ ಕಾವು ಇರಬಹುದು. ಆ ದೀಪ ಹತ್ತಿತ್ತೋ ಇಲ್ಲವೋ ನೋಡಲಿಲ್ಲ.

ಮಾರ್ಚ್ ೨೦, ಗುರುವಾರ

ಮೇಸ್ತ್ರಿಯ ಪ್ರೋಗ್ರಾಮಿನಲ್ಲಿ ಎರಡೇ ಸಾಲು: ‘ಮುಚ್ಚಳ ತೆರೆ. ತೊಟ್ಟಿಲು ಏರಿಸು.’ ನಡುವೆ ಒಂದು ಸಾಲು ಇರಬೇಕಿತ್ತು: ‘ತೆರೆಯುವ ತನಕ ತಡೆ.’ ಅದನ್ನು ಅವನು ಬರೆದೇ ಇಲ್ಲ. ಬೇರೆ ರಂಗಮಂದಿರಗಳ ಪ್ರೋಗ್ರಾಮುಗಳನ್ನು ತೆರೆದೆವು. ಬಹಳ ಜನ ಬರೆದಿಲ್ಲ. ಒಬ್ಬರದನ್ನು ನೋಡಿ ಒಬ್ಬರು ನಕಲು ಮಾಡಿಕೊಂಡವರು. ಹಾಗಿದ್ದೂ ತೊಟ್ಟಿಲುಗಳು ಇಷ್ಟು ದಿನ ಕಾದವು. ಯಾರ ಮಾತು ಕೇಳಿ?

ಕನ್ನಡಕ ಉಗ್ರಾಣದಿಂದ ಅಕ್ಕನ ಹಳೆಯ ಕಂಪ್ಯೂಟರನ್ನು ಎತ್ತಿ ತಂದು, ಧೂಳು ಊದಿ, ಹೇಗೋ ಜೀವ ಬರಿಸಿದಳು. ಅದರಲ್ಲಿ ಹಳೆಯ ಜನರೇಟರನ್ನು ಹಳೆಯ ನಿಯಮಗಳ ಮೇಲೆ ಓಡಿಸಿದಳು. ಹೊರಬಂದ ಪಾರ್ಸರನ್ನೂ ನಾವು ಇಷ್ಟು ದಿನ ಬಳಸುತ್ತಿದ್ದ ಪಾರ್ಸರನ್ನೂ ಅಕ್ಕಪಕ್ಕ ಇಟ್ಟು, ವ್ಯತ್ಯಾಸ ತೋರಿಸು ಎಂದು ಕಂಪ್ಯೂಟರಿಗೆ ಹೇಳಿದಳು.

ಎರಡೂ ಒಂದೇ ಆಗಿರಬೇಕಿತ್ತು. ಆಗಿರಲಿಲ್ಲ.

“ಕೈಯಿಂದ ತಿದ್ದಿದಾರೆ,” ಎಂದಳು ಕನ್ನಡಕ. ಮೂಗಿನ ಮೇಲಿನ ಕನ್ನಡಕ ತೆಗೆದು ತಲೆಯ ಮೇಲಿನದನ್ನು ಹಾಕಿಕೊಂಡು ಮತ್ತೆ ಓದಿದಳು. “ಗುಡುಗಣ್ಣ, ನಿಮ್ಮಕ್ಕ ಕೈಯಿಂದ ತಿದ್ದಿದಾರೆ!”

ಆ ತಪ್ಪಿನ ಸೂಚನೆಗಳೆಲ್ಲ ಅಲ್ಲಿದ್ದವು. ಅವುಗಳ ಕೆಳಗೆ ಇನ್ನೊಂದು ತುಣುಕು. ಯಾರಾದರೂ ‘ತಡೆ’ ಎನ್ನದೆ ತೊಟ್ಟಿಲು ಏರಿಸಿದರೆ ಪಾರ್ಸರೇ ಸದ್ದಿಲ್ಲದೆ ಆ ಸಾಲನ್ನು ಸೇರಿಸಿಕೊಂಡು ಮುಂದೆ ಹೋಗುತ್ತದೆ. ಬರೆದವನಿಗೆ ಗೊತ್ತೂ ಆಗುವುದಿಲ್ಲ. ಪಕ್ಕದಲ್ಲಿ ಅಕ್ಕನ ಟಿಪ್ಪಣಿ:

‘ಮರೆತರೆ ನಾನಿದ್ದೇನೆ.’

ತಾರೀಖು ಅವಳು ಆಸ್ಪತ್ರೆ ಸೇರಿದ ವಾರದ್ದು. ಹಳೆಯ ಮುಚ್ಚಳಗಳ ಮೋಟಾರು ನಿಧಾನವಾಗತೊಡಗಿದ್ದೂ ಆಗಲೇ.

“ಆತುರದಲ್ಲಿ ಇಲ್ಲಿ ಹಾಕಿದಾರೆ,” ಕನ್ನಡಕ ಮೆಲ್ಲಗೆ ಹೇಳಿದಳು. “ವಾಪಸ್ ಬಂದು ನಿಯಮದಲ್ಲಿ ಸೇರಿಸೋಣ ಅಂತಿರಬೇಕು.”

ವಾಪಸ್ ಬರಲಿಲ್ಲ. ನಾವು ಎಲ್ಲರೂ ಮಾತು ಮರೆತು ರಂಗದ ಮೇಲೆ ನಿಂತಿದ್ದೆವು. ಅವಳು ವಿಂಗಿನಲ್ಲಿ ಕೂತು ಎತ್ತಿಕೊಡುತ್ತಲೇ ಇದ್ದಳು, ಹೋದ ಮೇಲೂ. ನಾವು ಜನರೇಟರ್ ಓಡಿಸಿ ಅವಳ ಬಾಯಿ ಒರೆಸಿದೆವು.

ಮಾರ್ಚ್ ೨೨, ಶನಿವಾರ

ಆಫೀಸಿನಲ್ಲಿ ಯಾರೂ ಇರಲಿಲ್ಲ. ಇದನ್ನು ನಿಯಮಗಳಲ್ಲಿ ಸರಿಯಾಗಿ ಕೂರಿಸಲು ಒಂದು ವಾರವಾದರೂ ಬೇಕು ಎಂದಿದ್ದಳು ಕನ್ನಡಕ, ‘ತಿರುಗು’ ಮುಗಿಸಿದ ಮೇಲೆ. ಆದರೆ ಅಪ್ಪನ ತಾಲೀಮು ಇರುವುದು ಬರುವ ಶುಕ್ರವಾರ.

ಹೊಸ ಪಾರ್ಸರಿನ ಕಡತ ತೆರೆದೆ. ‘ಕೈಯಿಂದ ತಿದ್ದಬೇಡಿ.’ ಕೆಳಗೆ ಇಳಿದೆ. ಅಕ್ಕನ ಸಾಲುಗಳನ್ನು ಒಂದೊಂದಾಗಿ ನಾನೇ ಬೆರಳಿಟ್ಟು ಬರೆದೆ. ಅವಳ ಟಿಪ್ಪಣಿಯನ್ನು ಮಾತ್ರ ಮೌನವಾಗಿ ಬಿಡಲಿಲ್ಲ. ಮೇಸ್ತ್ರಿ ಮರೆತ ಕಡೆಯಲ್ಲೆಲ್ಲ ಅದು ತೆರೆಯ ಮೇಲೆ ಮೂಡುವಂತೆ ಮಾಡಿದೆ. ಮೇಸ್ತ್ರಿಯ ಪ್ರೋಗ್ರಾಂ ಕೊಟ್ಟೆ.

‘ಮರೆತರೆ ನಾನಿದ್ದೇನೆ.’

ಮತ್ತೆ ಕೊಟ್ಟೆ. ಮತ್ತೆ. ಎಡಗಿವಿಯ ಹತ್ತಿರ ಗಾಳಿ ಅಲುಗಿತು. ತಿರುಗಲಿಲ್ಲ. ತಿರುಗಿದರೆ ಗೋಡೆ ಕಾಣುತ್ತದೆ.

ಕನ್ನಡಕಳಿಗೆ ಸೋಮವಾರ ಹೇಳುತ್ತೇನೆ.

ಮಾರ್ಚ್ ೨೪, ಸೋಮವಾರ

ಹೇಳಲಿಲ್ಲ. ಹೇಳಿದರೆ ತೆಗೆಸುತ್ತಾಳೆ.

ಮಾಲೀಕರು ಬಾಗಿಲಲ್ಲಿ ನಿಂತು, “ಹುಷಾರಾಗಿದೀರಾ? ಪಕ್ಕದ ಆಫೀಸಿನವರು ಕೇಳ್ತಿದ್ರು, ಆ ಜೋರು ಗಂಟಲಿನವರು ಕೆಲಸ ಬಿಟ್ಟರಾ ಅಂತ,” ಎಂದರು.

ಇಲ್ಲ ಎಂದೆ. “ಏನಂದ್ರಿ?” ಎಂದು ಎರಡು ಸಲ ಕೇಳಿದರು. ಅವರ ಕಿವಿಯೂ ಅಪ್ಪನ ದಾರಿ ಹಿಡಿದಿದೆ.

ಮಾರ್ಚ್ ೨೮, ಶುಕ್ರವಾರ

ನಾಳೆಗೆ ಬಿಟ್ಟರೆ ಬೇರೆ ಕತೆಯಾಗಿಬಿಡುತ್ತದೆ. ಈಗಲೇ ಬರೆದಿಡುತ್ತೇನೆ.

ಹೊಸ ರಂಗಮಂದಿರ. ಬಣ್ಣದ ವಾಸನೆ, ಇನ್ನೂ ಪ್ಲಾಸ್ಟಿಕ್ ತೆಗೆಯದ ಕುರ್ಚಿಗಳು. ಇಲ್ಲಿಯ ಕೆಲಸಕ್ಕೂ ನಮ್ಮ ಮೇಸ್ತ್ರಿಯನ್ನೇ ಕರೆಸಿದ್ದಾರೆ. ಅಪ್ಪನನ್ನು ಕೆಳಗೆ ನೆಲಮಾಳಿಗೆಗೆ ಕರೆದೊಯ್ದು, ಕಿರೀಟ ತೊಡಿಸಿ, ತೊಟ್ಟಿಲ ಮೇಲೆ ನಿಲ್ಲಿಸಿ ಬಂದೆ. ಊರುಗೋಲನ್ನು ತೊಟ್ಟಿಲ ಸುತ್ತಲಿನ ಕಟಕಟೆಗೆ ಒರಗಿಸಿ, ಬೆನ್ನು ನೆಟ್ಟಗೆ ಮಾಡಿದರು. ಕತ್ತಲಲ್ಲಿ ಇಪ್ಪತ್ತು ವರ್ಷ ಚಿಕ್ಕವರಾಗಿ ಕಂಡರು.

ಮೇಲೆ, ಎಡಗಡೆಯ ವಿಂಗಿನಲ್ಲಿ ಯಂತ್ರಗಳ ಮೇಜು. ಮೇಸ್ತ್ರಿ ಬೆಳಿಗ್ಗೆ ನಮ್ಮ ಆಫೀಸಿನಿಂದ ಬಂದ ಕಂಪೈಲರಿಗೆ ತನ್ನ ಪ್ರೋಗ್ರಾಂ ಕೊಟ್ಟ. ಹಳೆಯದನ್ನೇ ನಕಲು ಮಾಡಿಕೊಂಡ ಪ್ರೋಗ್ರಾಂ. ಬಿಟ್ಟ ಸಾಲನ್ನು ಸೇರಿಸು ಎಂದು ನಾನು ಅವನಿಗೆ ಹೇಳಿರಲಿಲ್ಲ, ಅಕ್ಕನ ಸಾಲುಗಳಿವೆಯಲ್ಲ ಎಂದು. ನಾನು ತೆರೆಯನ್ನೇ ನೋಡುತ್ತಿದ್ದೆ, ಅವಳ ಮಾತು ಬರಲೆಂದು.

“ತಪ್ಪಿಲ್ಲ ಅಂತ ಬಂತು ಸಾರ್!” ಎಂದ. ಗುಂಡಿ ಒತ್ತಿದ. ಮೊದಲು ದೀಪಗಳು ಆರಬೇಕು, ಪರದೆ ಸರಿಯಬೇಕು, ಆಮೇಲೆ ಮುಚ್ಚಳ, ಆಮೇಲೆ ತೊಟ್ಟಿಲು. ಅವನು ಹಗ್ಗ ನೋಡಲು ಏಣಿ ಹತ್ತಿ ಹೋದ.

ತೆರೆಯ ಮೇಲೆ ಅವಳಿರಲಿಲ್ಲ.

ಆಗ ನೆನಪಾಯಿತು. ಬೆಳಿಗ್ಗೆ ಮೆಟ್ಟಿಲಲ್ಲಿ ಕನ್ನಡಕ ಸಿಕ್ಕಿ, “‘ತಿರುಗು’ ನಿಯಮ ಸರಿಮಾಡಿದೀನಿ, ಮತ್ತೆ ಓಡಿಸಿ ಕಳಿಸಿದೀನಿ,” ಎಂದಿದ್ದಳು. ಮತ್ತೆ ಓಡಿಸಿ. ಹಳೇದನ್ನು ಅಳಿಸಿ ಹೊಸದಾಗಿ. ನಾನು ಕೈಯಿಂದ ಬರೆದ ಪ್ರತಿ ಸಾಲೂ. ಹೂಂ ಎಂದು ತಲೆಯಾಡಿಸಿ ಬಂದಿದ್ದೆ.

ಎಲ್ಲವನ್ನೂ ನಿಲ್ಲಿಸುವ ಕೆಂಪು ಗುಂಡಿಯನ್ನು ಗುದ್ದಿದೆ. ಅದಕ್ಕೆ ಇನ್ನೂ ತಂತಿಯೇ ಕೊಟ್ಟಿರಲಿಲ್ಲ. ಮೇಸ್ತ್ರೀ ಎಂದು ಕೂಗಿದೆ. ಬಾಯಿ ತೆರೆದದ್ದು ಗೊತ್ತು, ಸದ್ದು ಬರಲಿಲ್ಲ. ದೀಪಗಳು ಆರುತ್ತಿದ್ದವು. ಮೆಟ್ಟಿಲಿಳಿದು ಓಡಿದೆ.

ಕೆಳಗೆ ಅಪ್ಪ ಕಣ್ಣು ಮುಚ್ಚಿ ನಿಂತಿದ್ದರು. ತಲೆಯ ಮೇಲೆ ಮುಚ್ಚಳ ಕಿರುಗುಟ್ಟಿ ಒಂದು ಗೇಣು ಸರಿದು ತಡವರಿಸಿತು. ಹೊಸ ಕಬ್ಬಿಣ, ಹೊಸ ಬಣ್ಣ, ಅಂಟಿಕೊಂಡಿತ್ತು.

“ಅಪ್ಪಾ, ಇಳೀರಿ!” ಈ ಸಲ ಗಂಟಲು ಬಂತು, ಇದ್ದಬದ್ದದ್ದೆಲ್ಲ ಬಂತು.

“ಕೂಗಬೇಡ್ವೋ. ಪ್ರವೇಶ ಬಂತು,” ಎಂದರು ಕಣ್ಣು ತೆರೆಯದೆ. ಕಟಕಟೆ ಅಡ್ಡವಿತ್ತು, ಅದರ ಬಾಗಿಲು ಇದ್ದದ್ದು ಅವರ ಎಡಕ್ಕೆ, ನಾನಿದ್ದದ್ದು ಬಲಕ್ಕೆ. ಮೋಟಾರು ಗುರ್ ಎಂದಿತು.

ಸುತ್ತಿ ಎಡಗಡೆಗೆ ಹೋದೆ. ಹೋದೆನೆಂದು ಕಾಣುತ್ತದೆ. ಆಮೇಲೆ ಆ ಪಿಸುಮಾತು: “ಎಡಕ್ಕೆ ಮೂರು ಹೆಜ್ಜೆ.”

ಅಪ್ಪ ಕೇಳಿದರು. ಏಕೆ ಏನು ಎನ್ನದೆ, ರಾಜನ ನಡಿಗೆಯಲ್ಲಿ, ಕಣ್ಣು ಮುಚ್ಚಿಕೊಂಡೇ ಎಡಕ್ಕೆ ಮೂರು ಹೆಜ್ಜೆ ಇಟ್ಟು ತೊಟ್ಟಿಲಿನಿಂದ ಹೊರಬಂದರು. ನನ್ನ ಎದೆಗೆ ಬಂದು ತಾಗಿದರು.

ತೊಟ್ಟಿಲು ಊರುಗೋಲೊಂದನ್ನೇ ಹೊತ್ತು ಏರಿತು.

ಸದ್ದು ಅಡಗಿದ ಮೇಲೆ ಅಪ್ಪ ಮೇಲೆ ನೋಡಿದರು. ಊರುಗೋಲಿನ ಚೂರುಗಳು ಉದುರುತ್ತಿದ್ದವು. “ಅವಳು ಹೇಳಿದ್ಮೇಲೆ ಏನೋ ಇರುತ್ತೆ ಅಂದ್ಕೊಂಡೆ,” ಎಂದರು.

ಹೇಳಿದ್ದು ನಾನೇ. ನಾನೇ ಇರಬೇಕು. ಅಲ್ಲಿ ಬೇರೆ ಯಾರಿದ್ದರು?

ಮಾರ್ಚ್ ೨೯, ಶನಿವಾರ

ಕನ್ನಡಕಳಿಗೆ ಎಲ್ಲ ಹೇಳಿದೆ. ಅವಳು ಬಯ್ಯಲಿಲ್ಲ. ಮೂರೂ ಕನ್ನಡಕಗಳನ್ನು ಮೇಜಿನ ಮೇಲಿಟ್ಟು ಕಣ್ಣೊರೆಸಿಕೊಂಡಳು.

“ಒಂದು ಮಾತು ಹೇಳಿದ್ರೆ ಸಾಕಾಗಿತ್ತು ಗುಡುಗಣ್ಣ. ನಾನು ಓಡಿಸ್ತಾನೇ ಇರಲಿಲ್ಲ.”

“ಹೇಳಿದ್ರೆ ನೀನು ತೆಗೆಸ್ತಿದ್ದೆ.”

“ತೆಗೆಸ್ತಿದ್ದೆ,” ಎಂದಳು.

ಮಾಲೀಕರು ಮೇಸ್ತ್ರಿಯನ್ನೂ ಕರೆಸಿದರು. ಅವರ ಮಾತು: ಅಕ್ಕನ ಉಪಾಯವನ್ನೇ ನಿಯಮಗಳಲ್ಲಿ ಸರಿಯಾಗಿ ಕೂರಿಸಿ, ಮೊದಲಿನ ಹಾಗೆ ಸದ್ದಿಲ್ಲದೆ ತುಂಬಿಕೊಳ್ಳಲಿ, ಹೊರಗಿನವರಿಗೆ ತಿಳಿಯುವುದೇ ಬೇಡ. ಮೇಸ್ತ್ರಿ ಜೋರಾಗಿ ತಲೆಯಾಡಿಸಿದ. ನಿಯಮಗಳಲ್ಲಿ ಕೂತರೆ ಯಾವ ಜನರೇಟರೂ ಅಳಿಸಲಾರದು. ಅಕ್ಕ ಅಲ್ಲೇ ಇರುತ್ತಾಳೆ, ನಾನು ಮಾಡಿದ ಹಾಗೆ ಕಳ್ಳತನದಲ್ಲಿ ಅಲ್ಲ, ರಾಜಾರೋಷವಾಗಿ. ನನಗೆ ಬೇಕಾದದ್ದೂ ಅದೇ ಆಗಿತ್ತು.

ಬೇಡ ಎಂದೆ.

“ಏನಂದ್ರಿ?”

“ಬೇಡ. ‘ತಡೆ’ ಇಲ್ಲದಿದ್ರೆ ಕಂಪೈಲರ್ ನಿಲ್ಲಬೇಕು. ಮುಂದಕ್ಕೆ ಹೋಗಲೇಬಾರದು. ಬರೆಯೋವನೇ ಬರೀಬೇಕು.”

“ಅಯ್ಯೋ ಸಾರ್, ಅಷ್ಟೂ ರಂಗಮಂದಿರದ ಪ್ರೋಗ್ರಾಂ ತಿದ್ದಬೇಕಾಗುತ್ತೆ!” ಮೇಸ್ತ್ರಿ ತಲೆ ಮೇಲೆ ಕೈಹೊತ್ತ. “ಅಕ್ಕಾವ್ರು ಇದ್ದಿದ್ರೆ ನಮಗೆ ಇಷ್ಟು ಕಷ್ಟ ಕೊಡ್ತಿರಲಿಲ್ಲ.”

“ಅವಳಿಲ್ಲ ಮೇಸ್ತ್ರಿ.”

ಬಾಯಿಂದ ಬಂದೇಬಿಟ್ಟಿತು. ಮೇಸ್ತ್ರಿ ಕೈ ಕೆಳಗಿಳಿಸಿದ. “ಆಯ್ತು, ತಿದ್ದೋಣ,” ಎಂದ.

ಏಪ್ರಿಲ್ ೨, ಬುಧವಾರ

ನಿಯಮ ಬರೆದೆವು. ಜನರೇಟರ್ ಓಡಿಸಿದೆವು. ಅಳಿಸಿ ಮತ್ತೆ ಓಡಿಸಿದೆವು, ಮತ್ತೆ. ಪ್ರತಿ ಸಲವೂ ಅದು ಉಳಿಯಿತು. ಹಳೆಯ ಪ್ರೋಗ್ರಾಮುಗಳನ್ನು ಕೊಟ್ಟರೆ ಒಂದರ ಹಿಂದೊಂದು ನಿಲ್ಲುತ್ತವೆ. ಮೇಸ್ತ್ರಿ ಬೆಳಿಗ್ಗೆಯಿಂದ ಬೈದುಕೊಂಡು ತಿದ್ದುತ್ತಿದ್ದಾನೆ.

ನಿಂತಾಗ ಏನೆಂದು ಹೇಳಬೇಕು? ‘ನಿರೀಕ್ಷಿಸದ ಚಿಹ್ನೆ’ ಸಾಲದು. ‘ಮರೆತರೆ ನಾನಿದ್ದೇನೆ’ ಎನ್ನುವಂತಿಲ್ಲ. ಊಟದ ಹೊತ್ತು ಕಳೆದು ಏನೋ ಒಂದು ತೋಚಿತು, ಬರೆದೆ:

‘ಸಾಲು ೨: ಮುಚ್ಚಳ ತೆರೆಯುವ ತನಕ ತಡೆ. ಮಾತು ನಿನ್ನದು, ನೀನೇ ಹೇಳು.’

ಕನ್ನಡಕ ಬಗ್ಗಿ ಎರಡು ಸಲ ಓದಿದಳು. “ಇದು ಅವರ ಕಡತದಿಂದ ತಗೊಂಡಿದ್ದಾ?” ಎಂದಳು.

ಅಲ್ಲ ಎಂದೆ. ಅವೆಲ್ಲ ಬೇರೆ ಥರ ಇದ್ದವು.

ಹಳೆಯ ಕಂಪ್ಯೂಟರನ್ನು ಆರಿಸಿ ಉಗ್ರಾಣಕ್ಕೆ ಹಿಂದಿರುಗಿಸಿದೆವು. ತೆರೆ ಕಪ್ಪಾಗುವ ಮೊದಲು ಒಂದು ಕ್ಷಣ ಅವಳ ಕಡತ ತೆರೆದೇ ಇತ್ತು. ನೋಡಿದೆ.

ಏಪ್ರಿಲ್ ೮, ಮಂಗಳವಾರ

ವೈದ್ಯರು ಗಂಟಲಿಗೆ ದೀಪ ಹಿಡಿದು ನೋಡಿದರು. ಏನೂ ಇಲ್ಲವಂತೆ.

ಏಪ್ರಿಲ್ ೧೨, ಶನಿವಾರ

ಸಂಜೆ. ಸಭಾಂಗಣ ತುಂಬಿತ್ತು. ಮೇಸ್ತ್ರಿ ತನ್ನ ಕೈಯಾರೆ ಬರೆದ ಪ್ರೋಗ್ರಾಮನ್ನು ಓದಿ ತೋರಿಸಿದ. ‘ತೆರೆಯುವ ತನಕ ತಡೆ’ ಎಂಬಲ್ಲಿ ಬೆರಳಿಟ್ಟು ನನ್ನ ಮುಖ ನೋಡಿದ. ತಲೆಯಾಡಿಸಿದೆ. ಅವನೇ ಎಲ್ಲಿಂದಲೋ ಒಂದು ಸ್ಟೂಲು ತಂದು ಎಡಗಡೆಯ ವಿಂಗಿನಲ್ಲಿ ಇಟ್ಟಿದ್ದ. ಕೂತೆ. ತಣ್ಣಗಿತ್ತು.

ದೀಪ ಆರಿತು. ಮುಚ್ಚಳ ಪೂರ್ತಿ ಸರಿಯಿತು, ನಿಂತಿತು. ತೊಟ್ಟಿಲು ಕಾದಿತ್ತು. ಆಮೇಲೆ ಏರಿತು.

ಮೊದಲು ಕಿರೀಟ ಕಂಡಿತು, ಆಮೇಲೆ ಅಪ್ಪ.

“ನೆಲದಡಿಯಲ್ಲಿ ನನ್ನನ್ನು ಹೂತು ಮೇಲೆ ಪಟ್ಟ ಕಟ್ಟಿಕೊಂಡಿರಾ? ಮಣ್ಣಿಗೆ ಬಾಯಿಲ್ಲವೆಂದು ತಿಳಿದಿರಾ?”

ನಿಂತಿತು. ಜನ ಅದನ್ನೂ ನಾಟಕವೆಂದೇ ತಿಳಿದು ಉಸಿರು ಬಿಗಿಹಿಡಿದರು. ಅಪ್ಪನ ತಲೆ ಕೂದಲೆಳೆಯಷ್ಟು ಎಡಕ್ಕೆ ವಾಲಿತು.

ಬಾಯಿ ತೆರೆದೆ. ಮಾತು ಹೋಯಿತು. ನನ್ನ ತುಟಿಯಿಂದ ಹೋಯಿತೋ ಹೆಗಲ ಹಿಂದಿನಿಂದ ಹೋಯಿತೋ, ಕೇಳಿದರೆ ಹೇಳಲಾರೆ. ಅಷ್ಟು ಮೆಲ್ಲಗಿತ್ತು.

“ಇದೋ!” ಅಪ್ಪನ ಗರ್ಜನೆಗೆ ಕಟ್ಟಕಡೆಯ ಸಾಲಿನವರೂ ಬೆಚ್ಚಿದರು. “ಮಣ್ಣೇ ಮಾತಾಡುತ್ತಿದೆ!”

ಚಪ್ಪಾಳೆ ಬಹಳ ಹೊತ್ತು ಇತ್ತು. ವಿಂಗಿನಿಂದ ಅದು ಮಳೆಯ ಹಾಗೆ, ದೂರದಲ್ಲಿ ಎಲ್ಲೋ ಸುರಿಯುವ ಹಾಗೆ ಕೇಳುತ್ತದೆ. ನನಗೆ ಗೊತ್ತಿರಲಿಲ್ಲ.

ಮನೆಗೆ ಬರುವಾಗ ಕಾರಿನಲ್ಲಿ ಅಪ್ಪ ಹೊಸ ಊರುಗೋಲನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದರು. “ಇವತ್ತು ನಿನ್ನಕ್ಕ ಚೆನ್ನಾಗಿ ಎತ್ತಿಕೊಟ್ಟಳು ಕಣೋ. ಒಂದಿಷ್ಟೂ ಎಡವಲಿಲ್ಲ,” ಎಂದರು.

ಹೂಂ ಎಂದೆ.

ಅಪ್ಪನಿಗೆ ಕೇಳಿಸಿತು.